ಓದುಗರ ಪ್ರಶ್ನೆ: ಕಾರ್ಸ್ 2 ಸಿನಿಮಾದ ರೇಸ್ ಖರೇನ ನಡಸಾಕ ಆಗತೈತೇನ್ರಿ?

ಈ ಸಲ ಬಂದ ಪತ್ರದಾಗ ಕಾರ್ ರೇಸಿನವ ಜಾಸ್ತಿ ಅದಾವ. ಬ್ಯಾಸಗಿ ರಜಾ ಅಲ್ರಿ, ನಮ್ಮ ಕಡಿ ಬಿಸಿಲಿಗೆ ಮಕ್ಕಳು ಹೊರಗ ಹೋಗಂಗಿಲ್ಲ, ಮನ್ಯಾಗ ಕುಂತು ಕಾರ್ಟೂನ್ ಸಿನಿಮಾ ನೋಡ್ತಾವ, ನೋಡಿ ಕೇಳೋ ಪ್ರಶ್ನೆ ಮಾತ್ರ ಭಾಳ ಚಲೋ ಇರ್ತಾವ. ಅದಕ್ಕ ಬ್ಯಾರೆ ಪ್ರಶ್ನೆ ಮುಂದಿನ ಸಂಚಿಕೆಗೆ ಇಟ್ಟು ಇವನ್ನ ತಗೊಂಡೀನಿ.

ಪ್ರಶ್ನೆ: ನನ್ನ ಮಗ ನಾಲ್ಕನೇ ಕ್ಲಾಸು, ಕಾರ್ಸ್ 2 ಸಿನಿಮಾ ದಿನಾ ಹಾಕ್ಕೊಂಡು ಕುಂದರ್ತಾನ. ಅದರಾಗ ವರ್ಲ್ಡ್ ಗ್ರ್ಯಾನ್ ಪ್ರಿ ಅಂತ ಒಂದು ರೇಸ್ ಬರತೈತಿ, ಬೇರೆ ಬೇರೆ ದೇಶದ ಬೇರೆ ಬೇರೆ ನಮೂನಿ ಕಾರು ಒಂದ ರೋಡಿನ್ಯಾಗ ಓಡತಾವ. ಹಿಂಗ ನಿಜವಾಗಿ ಮಾಡಬಹುದಾ ಅಂತ ಕೇಳ್ತಾನ, ಏನ್ ಹೇಳ್ಲಿ?
(ಗಂಗಾವತಿಯಿಂದ ಒಬ್ಬ ತಾಯಿ)

ಉತ್ತರ: ಅಕ್ಕಾರ, ನಿಮ್ಮ ಮಗ ಕೇಳಿದ್ದು ಸಣ್ಣ ಪ್ರಶ್ನೆ ಅಲ್ರಿ. ಸಿನಿಮಾ ನೋಡದೋರಿಗೆ ಒಂದ್ ಮಾತು ಹೇಳ್ಬಿಡ್ತೀನಿ, ಇದು 2011ರಾಗ ಪಿಕ್ಸಾರ್‌ನವರು ಮಾಡಿದ್ದು, ರೇಸ್ ಮೂರು ಊರಾಗ ನಡಿತೈತಿ, ಜಪಾನಿನ ಟೋಕಿಯೋ, ಇಟಲಿಯ ಪೋರ್ಟೋ ಕೋರ್ಸಾ, ಕಡೀಗೆ ಲಂಡನ್. ಅಮೆರಿಕಾದ ಲೈಟ್ನಿಂಗ್ ಮೆಕ್ವೀನ್ ಅನ್ನೋದು ಸ್ಟಾಕ್ ಕಾರು, ಅಂದ್ರ ಮಾಮೂಲಿ ಕಾರಿನ ಆಕಾರದ ರೇಸ್ ಕಾರು, ಇಟಲಿಯ ಫ್ರಾನ್ಸೆಸ್ಕೋ ಬೆರ್ನೂಲಿ ಫಾರ್ಮುಲಾ ಕಾರು, ಫ್ರಾನ್ಸಿಂದ ಬಂದಿದ್ದು ಮಣ್ಣು ಕಲ್ಲಿನ ಹಾದ್ಯಾಗೂ ಓಡೋ ರಾಲಿ ಕಾರು, ಜಪಾನಿನ ಶು ಟೊಡೊರೊಕಿ 24 ತಾಸು ಓಡೋ ಲೆ ಮಾನ್ಸ್ ರೇಸಿನ ನಮೂನಿದು.

ಈಗ ನೋಡ್ರಿ, ಇವನ್ನ ಒಂದ ಗೆರಿ ಮ್ಯಾಲ ನಿಲ್ಲಿಸಿದ್ರ ಏನಾಗತೈತಿ. ಆ ವರ್ಷದ ಫಾರ್ಮುಲಾ ಒನ್ ನಿಯಮದಾಗ ಕಾರಿನ ಕನಿಷ್ಠ ತೂಕ ಡ್ರೈವರ್ ಸೇರಿ 640 ಕಿಲೋ, ಸ್ಟಾಕ್ ಕಾರು ಹೆಚ್ಚುಕಮ್ಮಿ 1500 ಕಿಲೋ, ಅಂದ್ರ ಡಬಲ್‌ಗಿಂತ ಜಾಸ್ತಿ. ಡಾಂಬರ್ ರೋಡಿನ ತಿರುವಿನ್ಯಾಗ ಫಾರ್ಮುಲಾ ಕಾರು ರೆಕ್ಕಿಯಿಂದ ಗಾಳಿ ಒತ್ತಿ ನೆಲಾ ಹಿಡಕೊಂಡು ಹೋಗತೈತಿ, ಸ್ಟಾಕ್ ಕಾರು ಬ್ರೇಕ್ ಒತ್ತಿ ಒದ್ದಾಡಿಕೋಂತ ಬರೂದ್ರಾಗ ಅದು ಕಣ್ಣಿಗೆ ಕಾಣಂಗಿಲ್ಲ. ನಮ್ಮ ರಾಯಚೂರಿನ ಮುಂಗಾರು ಹಬ್ಬದಾಗ ಎತ್ತು ಕಲ್ಲು ಎಳೆಯೋ ಸ್ಪರ್ಧೆ ಇಡ್ತಾರಲ್ರಿ, ಅಲ್ಲೂ ಎಲ್ಲಾ ಎತ್ತಿಗೂ ಒಂದ ತೂಕದ ಕಲ್ಲು ಕಟ್ಟಂಗಿಲ್ಲ, ಬ್ಯಾರೆ ಬ್ಯಾರೆ ತೂಕದ ಕಲ್ಲು ಬ್ಯಾರೆ ಬ್ಯಾರೆ ಸ್ಪರ್ಧೆ, ಕಾರ್ ರೇಸಿನ್ಯಾಗ ಕ್ಲಾಸ್ ಅಂತ ಮಾಡೋದು ಅದ ಕಾರಣಕ್ಕ.

ಆದ್ರ ಸಿನಿಮಾದೋರು ಇದನ್ನ ತಿಳದ ಮಾಡ್ಯಾರ ಅಂತ ನನಗ ಅನಸ್ತೈತಿ. ಅದಕ್ಕ ಟೋಕಿಯೋ ರೇಸಿನ ನಡುವ ಒಂದು ಮಣ್ಣಿನ ಹಾದಿ ಇಟ್ಟಾರ. ಅಲ್ಲಿತನಕ ಫ್ರಾನ್ಸೆಸ್ಕೋ ಮುಂದ ಮುಂದ ಹಾರಿಕೋಂತ ಹೋಗಿರ್ತಾನ, ಮಣ್ಣು ಬಂದ ಕೂಡ್ಲೇ ಅವನ ಆಟ ನಿಲ್ಲತೈತಿ, ಯಾಕಂದ್ರ ಫಾರ್ಮುಲಾ ಕಾರಿನ ಹೊಟ್ಟಿಗೂ ನೆಲಕ್ಕೂ ನಡುವ ಜಾಗಾನ ಇರಂಗಿಲ್ಲ, ಟೈರು ನುಣ್ಣಗ, ಅದರಾಗ ಗೆರಿ ಇಲ್ಲ, ಮಣ್ಣು ಹಿಡಿಯಾಕ ಏನೂ ಇಲ್ಲ. ಮೆಕ್ವೀನ್‌ಗೆ ಮಣ್ಣಿನ ವಿದ್ಯಾ ಗೊತ್ತಿರತೈತಿ, 2006ರಾಗ ಬಂದ ಮೊದಲನೇ ಭಾಗದಾಗ ಡಾಕ್ ಹಡ್ಸನ್ ಅನ್ನೋ ಹಳೇ ಕಾರು ಕಲಿಸಿರತೈತಿ, ಎಡಕ್ಕ ಹೊಳ್ಳಬೇಕಂದ್ರ ಸ್ಟೇರಿಂಗ್ ಬಲಕ್ಕ ತಿರುವು ಅಂತ. ಅದು ಕಾರ್ಟೂನ್ ಮಾತಲ್ರಿ. ಸಡಿಲ ಮಣ್ಣಿನ್ಯಾಗ ಜೋರಾಗಿ ಎಡಕ್ಕ ಹೊಳ್ಳಿದ್ರ ಹಿಂದಿನ ಗಾಲಿ ಬಲಕ್ಕ ಜಾರತಾವ, ಆವಾಗ ಮುಂದಿನ ಗಾಲಿ ಬಲಕ್ಕ ತೋರಿಸಿ ಆಕ್ಸಿಲರೇಟರ್ ಹಿಡದ್ರ ಕಾರು ಅಡ್ಡ ಅಡ್ಡ ಜಾರಿಕೋಂತ ಸರಿಯಾಗಿ ತಿರುವು ದಾಟತೈತಿ, ಮಸಾರಿ ಹೊಲದ ಹಾದ್ಯಾಗ ಬೈಕ್ ಓಡಿಸಿದ ಹುಡುಗ್ರಿಗೆ ಹಿಂದಿನ ಗಾಲಿ ಜಾರೋದು ಗೊತ್ತ ಐತಿ. ಎರಿ ಮಣ್ಣಿನ ಮಾತು ಬ್ಯಾಡ್ರಿ, ಮಳಿ ಬಿದ್ದ ಎರಿ ಹೊಲದಾಗ ಮೆಕ್ವೀನ್ ಬಂದ್ರೂ ಗಾಲಿಗೆ ಮಣ್ಣು ಅಂಟಿ ನಿಲ್ಲತಾನ. ಇಷ್ಟಾದ್ರೂ ಟೋಕಿಯೋದಾಗ ಗೆದ್ದಿದ್ದು ಫ್ರಾನ್ಸೆಸ್ಕೋನ, ಗೆಳೆಯ ಮೇಟರ್ ರೇಡಿಯೋದಾಗ ಬ್ಯಾರೆ ಯಾರಿಗೋ ಹೇಳಿದ ಮಾತು ತನಗ ಹೇಳಿದ್ದು ಅಂತ ತಿಳಕೊಂಡು ಮೆಕ್ವೀನ್ ಹಾದಿ ಬಿಟ್ಟುಕೊಡ್ತಾನ.

ಡಾಕ್ ಹಡ್ಸನ್ ಹೆಸರು ಬಂತಂತ ಇನ್ನೊಂದು ಹೇಳ್ತೀನಿ. ಹಡ್ಸನ್ ಹಾರ್ನೆಟ್ ಅನ್ನೋದು ಖರೇ ಕಾರು, 1950ರ ದಶಕದ ಶುರುವಿನ್ಯಾಗ ಅಮೆರಿಕಾದ ನ್ಯಾಸ್ಕಾರ್ ಅನ್ನೋ ಸ್ಟಾಕ್ ಕಾರ್ ರೇಸಿನ್ಯಾಗ ಅದನ್ನ ಹಿಡಿಯೋರ ಇರಲಿಲ್ಲ, 1952ರ ಒಂದ ವರ್ಷದಾಗ 27 ರೇಸ್ ಗೆದ್ದೈತಿ. ಸಿನಿಮಾದಾಗ ಡಾಕ್‌ಗೆ ದನಿ ಕೊಟ್ಟ ನಟ ಪಾಲ್ ನ್ಯೂಮನ್ ಸ್ವತಃ ರೇಸ್ ಡ್ರೈವರ್, 1979ರ ಲೆ ಮಾನ್ಸ್‌ನಾಗ ಅವರ ತಂಡ ಎರಡನೇ ಸ್ಥಾನಕ್ಕ ಬಂದಿತ್ತು. 2008ರಾಗ ಅವರು ತೀರಿಕೊಂಡ್ರು, ಎರಡನೇ ಭಾಗದಾಗ ಡಾಕ್ ಇಲ್ಲದಿರೋದು ಅದಕ್ಕ, ಸಿನಿಮಾದಾಗಿನ ಪಿಸ್ಟನ್ ಕಪ್ ಅನ್ನೋ ರೇಸ್ ಟ್ರೋಫಿಗೆ ಹಡ್ಸನ್ ಹಾರ್ನೆಟ್ ಹೆಸರು ಇಟ್ಟಿದ್ದು ತೋರಿಸ್ತಾರ ನೋಡ್ರಿ, ನನಗ ಇಡೀ ಸಿನಿಮಾದಾಗ ಭಾಳ ಹಿಡಿಸಿದ್ದು ಅದು.

ಇನ್ನ ನಿಮ್ಮ ಮಗನ ಪ್ರಶ್ನೆಗೆ ಸೀದಾ ಉತ್ತರ ಅಂದ್ರ, ಪೂರಾ ಹಂಗ ನಡಿಯಂಗಿಲ್ಲ, ತುಂಡು ತುಂಡಾಗಿ ನಡದೈತಿ. ಅರ್ಧ ಡಾಂಬರು ಅರ್ಧ ಮಣ್ಣಿನ ರೇಸಿಗೆ ರಾಲಿಕ್ರಾಸ್ ಅಂತಾರ, 1967ರಾಗ ಇಂಗ್ಲೆಂಡಿನ ಲಿಡನ್ ಹಿಲ್‌ನಾಗ ಶುರುವಾತು. ಬ್ಯಾರೆ ಬ್ಯಾರೆ ರೇಸಿನ ಡ್ರೈವರ್‌ಗಳನ್ನ ಕರದು ಒಂದ ನಮೂನಿ ಕಾರು ಕೊಟ್ಟು ಓಡಸೋ ರೇಸ್ ಆಫ್ ಚಾಂಪಿಯನ್ಸ್ 1988ರಿಂದ ಐತಿ. 2023ರಾಗ ಲೆ ಮಾನ್ಸ್ ರೇಸಿಗೆ ನೂರು ವರ್ಷ ಆದಾಗ ಒಂದು ನ್ಯಾಸ್ಕಾರ್ ಕಮಾರೋ ಕಾರನ್ನ ಅಲ್ಲಿ ಬಿಟ್ಟಿದ್ರು, ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದ ಜೆನ್ಸನ್ ಬಟನ್ ಅದರ ಡ್ರೈವರ್‌ಗಳಲ್ಲಿ ಒಬ್ರು, 24 ತಾಸು ಪೂರಾ ಓಡಿ 39ನೇ ಸ್ಥಾನಕ್ಕ ಬಂತು. ನಿಮ್ಮ ಮಗನಿಗೆ ಆ ಕಾರಿನ ವಿಡಿಯೋ ತೋರಸ್ರಿ ಅಕ್ಕಾರ, ಮೆಕ್ವೀನ್ ಖರೇವಾಗಿ ಬಂದಂಗ ಕುಣಿತಾನ.

ಪ್ರಶ್ನೆ: ಆ ಸಿನಿಮಾದಾಗ ಅಲಿನಾಲ್ ಅಂತ ಹೊಸ ಇಂಧನ ಹಾಕಿದ ಕಾರು ಸ್ಫೋಟ ಆಗತಾವ. ನಮ್ಮ ಬಂಕಿನ್ಯಾಗ ಈಗ ಎಥನಾಲ್ ಬೆರೆಸಿದ ಪೆಟ್ರೋಲ್ ಕೊಡಾಕತ್ತಾರ, ನಮ್ಮ ಕಡಿ ಅಕ್ಕಿ ನುಚ್ಚೂ ಅದಕ್ಕ ಹೋಗತೈತಿ ಅಂತಾರ. ಮಗಳು ನಮ್ಮ ಬೈಕೂ ಹಂಗ ಹಾರತೈತಾ ಅಂತ ಹೆದರ್ಯಾಳ.
(ಸಿಂಧನೂರಿನ ಓದುಗರು)

ಉತ್ತರ: ಅಣ್ಣಾರ, ಮೊದಲ ಮಗಳಿಗೆ ಧೈರ್ಯ ಹೇಳ್ರಿ, ಹಂಗ ಆಗಂಗಿಲ್ಲ. ಸಿನಿಮಾದಾಗ ಕೆಟ್ಟೋರು ಟಿವಿ ಕ್ಯಾಮೆರಾ ಥರ ಇರೋ ಆಯುಧದಿಂದ ಕಾರಿಗೆ ವಿದ್ಯುತ್ಕಾಂತೀಯ ಅಲೆ ಬಿಡ್ತಾರ, ಅದರಿಂದ ಅಲಿನಾಲ್ ಕಾದು ಸ್ಫೋಟ ಆಗತೈತಿ. ನಿಜದಾಗ ಪೆಟ್ರೋಲ್ ಆಗ್ಲಿ ಎಥನಾಲ್ ಆಗ್ಲಿ ಉರಿಬೇಕಂದ್ರ ಆವಿ ಆಗಬೇಕು, ಗಾಳಿ ಜೊತಿ ಸರಿಯಾದ ಪ್ರಮಾಣದಾಗ ಬೆರಿಬೇಕು, ಮ್ಯಾಲ ಕಿಡಿ ಬೇಕು. ಕಬ್ಬಿಣದ ಟಾಕಿ ಅಂಥಾ ಅಲೆ ಒಳಗ ಬಿಡಂಗಿಲ್ಲ. ಸಿನಿಮಾದಾಗ ಮೆಕ್ವೀನ್ ಉಳಿಯೋದು ಯಾಕಂದ್ರ ಅವನ ಗೆಳೆಯರು ಅಲಿನಾಲ್ ತಗದು ತಮ್ಮೊಳಗ ಒಬ್ಬ ಫಿಲ್‌ಮೋರ್ ಮಾಡಿದ ಸಾವಯವ ಇಂಧನ ಹಾಕಿರ್ತಾರ. ಹೊಸ ಇಂಧನದ ಮ್ಯಾಲ ಜನಕ್ಕ ನಂಬಿಕಿ ಹೋಗಿ ಮತ್ತ ಕಚ್ಚಾ ಎಣ್ಣಿಗೇ ಬರಲಿ ಅನ್ನೋದು ಕೆಟ್ಟೋರ ಲೆಕ್ಕಾಚಾರ, ಮಗಳಿಗೆ ಈ ಭಾಗ ಬಿಡಿಸಿ ಹೇಳ್ರಿ, ಯಾಕಂದ್ರ ಹೊಸ ಇಂಧನಾನ ಕೆಟ್ಟದ್ದು ಅಂತ ಭಾಳ ಮಕ್ಕಳು ತಿಳಕೊಂಡಿರ್ತಾವ, ಕಥಿ ಹೇಳಿದ್ದು ಅದಕ್ಕ ಉಲ್ಟಾ.

ರೇಸಿನೋರು ಎಥನಾಲ್ ಯಾವಾಗ್ಲೋ ಹಾಕ್ಯಾರ. ಈ ಸಿನಿಮಾ ಬಂದ 2011ರಾಗ ನ್ಯಾಸ್ಕಾರ್ 15 ಪರ್ಸೆಂಟ್ ಎಥನಾಲ್ ಶುರು ಮಾಡ್ತು, ಫಾರ್ಮುಲಾ ಒನ್ 2022ರಾಗ 10 ಪರ್ಸೆಂಟ್ ಹಾಕ್ತು. ಅಮೆರಿಕಾದ ಇಂಡಿ ರೇಸಿನ್ಯಾಗ 1964ರ ದೊಡ್ಡ ಬೆಂಕಿ ಅಪಘಾತ ಆದಮ್ಯಾಲ ಪೆಟ್ರೋಲ್ ಬಿಟ್ಟು ಮೆಥನಾಲ್‌ಗೆ ಹೋದ್ರು, ಅದರ ಬೆಂಕಿ ಹಗಲಿನ್ಯಾಗ ಕಣ್ಣಿಗೆ ಕಾಣಂಗಿಲ್ಲ, 1981ರಾಗ ಪಿಟ್‌ನಾಗ, ಅಂದ್ರ ಕಾರು ನಿಲ್ಲಿಸಿ ಇಂಧನ ಹಾಕೋ ಜಾಗದಾಗ, ಜನ ಉರಿತಿದ್ರೂ ಸುತ್ತಲಿದ್ದೋರಿಗೆ ತಿಳಿಲಿಲ್ಲ. ಇಂಧನದ ಅಪಾಯ ಅಂದ್ರ ಇಂಥಾದ್ದು, ಸಿನಿಮಾದ ಸ್ಫೋಟ ಅಲ್ಲ.

ನಿಮ್ಮ ಬೈಕಿನ ಮಾತಿಗೆ ಬರ್ತೀನಿ. ದೇಶದಾಗ 20 ಪರ್ಸೆಂಟ್ ಬೆರೆಸೋ ಗುರಿ ಮೊದಲ 2030ಕ್ಕ ಇತ್ತು, 2025ರಾಗ ಮುಟ್ಯಾರ, ಕಬ್ಬು ಮೆಕ್ಕೆಜೋಳ ಅಕ್ಕಿ ನುಚ್ಚು ಎಲ್ಲಾದರಿಂದಾನೂ ಮಾಡ್ತಾರ. ಒಂದು ಲೀಟರ್ ಎಥನಾಲ್‌ನಾಗ ಪೆಟ್ರೋಲಿನ ಮೂರನೇ ಎರಡು ಭಾಗದಷ್ಟ ಶಕ್ತಿ, ಅದಕ್ಕ ಮೈಲೇಜ್ ಕಮ್ಮಿ ಆಗೋದು ಖರೆ, ಹಳೇ ಟೂ ವೀಲರಿಗೆ 3ರಿಂದ 4 ಪರ್ಸೆಂಟ್ ಕಮ್ಮಿ ಆಗಬಹುದು ಅಂತ ನೀತಿ ಆಯೋಗದ 2021ರ ವರದಿನ ಹೇಳೈತಿ. ಹಳೇ ಗಾಡಿ ಇದ್ರ ಪೈಪು ವಾಷರು ಮೆಕ್ಯಾನಿಕ್ ಕಡಿ ಒಮ್ಮೆ ತೋರಸ್ರಿ, ಎಥನಾಲ್ ನೀರು ಹೀರತೈತಿ, ಗಾಡಿ ತಿಂಗಳುಗಟ್ಟಲೆ ಟಾಕ್ಯಾಗ ಪೆಟ್ರೋಲ್ ಇಟ್ಟು ನಿಲ್ಲಿಸಬ್ಯಾಡ್ರಿ.

ಪ್ರಶ್ನೆ: ಪೋರ್ಟೋ ಕೋರ್ಸಾ ಊರಿಗೆ ಹೋಗಬೇಕಂದ್ರ ಎಲ್ಲಿ ಇಳಿಬೇಕು?
(ಲಿಂಗಸೂರು)

ಉತ್ತರ: ಆ ಊರು ಇಲ್ರಿ, ಇಟಲಿಯ ಸಮುದ್ರ ದಂಡಿ ಊರುಗಳನ್ನೂ ಮೊನಾಕೋವನ್ನೂ ನೋಡಿ ಕಟ್ಟಿದ ಕಲ್ಪನಾ. ಮೊನಾಕೋ ನೋಡ್ರಿ, ಬರೇ 3.337 ಕಿಲೋಮೀಟರ್ ಹಾದಿ, 78 ಸುತ್ತು, ಊರಿನ ರೋಡಿನ್ಯಾಗ.

ಪ್ರಶ್ನೆ: ನಮ್ಮ ಬಳ್ಳಾರಿ ಹತ್ರ ಇಂಥ ಇಂಟರ್‌ನ್ಯಾಷನಲ್ ರೇಸ್ ಎಲ್ಲಾದ್ರೂ ಆಗೇತೇನು ಸರ್?
(ಬಳ್ಳಾರಿ, ಡಿಪ್ಲೊಮಾ ಸ್ಟೂಡೆಂಟ್)

ಉತ್ತರ: ಆಗೇತಿ ತಮ್ಮ. 2023ರ ಫೆಬ್ರವರಿ 11ಕ್ಕ ಹೈದರಾಬಾದಿನ ಹುಸೇನ್ ಸಾಗರ ದಂಡಿಮ್ಯಾಲ ಫಾರ್ಮುಲಾ ಇ ನಡೀತು, ಪೂರಾ ಕರೆಂಟ್ ಕಾರಿನ ವಿಶ್ವ ಚಾಂಪಿಯನ್‌ಶಿಪ್, ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ರು, ಮುಂದಿನ ವರ್ಷದ್ದು ರದ್ದಾತು, ಅದು ನನಗ ಭಾಳ ಬೇಜಾರಾತು, ರಾಯಚೂರಿಂದ ಮುಂಜಾನೆ ಬಸ್ ಹತ್ತಿದ್ರ ಮಧ್ಯಾಹ್ನಕ್ಕ ಮುಟ್ಟೋ ಜಾಗ ಅದು. ಫಾರ್ಮುಲಾ ಒನ್ ನಮ್ಮ ದೇಶಕ್ಕ ಬಂದಿದ್ದು ಈ ಸಿನಿಮಾ ಬಂದ ವರ್ಷಾನ, 2011ರ ಅಕ್ಟೋಬರಿನ್ಯಾಗ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ, 2013ರ ತನಕ ಮೂರೂ ಸಲ ಜರ್ಮನಿಯ ವೆಟೆಲ್ ಗೆದ್ರು. 2024ರಾಗ ಚೆನ್ನೈ ಊರಾಗ ರಾತ್ರಿ ಲೈಟ್ ಹಾಕಿ ಫಾರ್ಮುಲಾ ಫೋರ್ ಓಡಸಿದ್ರು. ನೀ ಡಿಪ್ಲೊಮಾ ಓದಾಕತ್ತಿ, ಮೆಕ್ಯಾನಿಕಲ್ ಇದ್ರ ಕಾಲೇಜ್ ತಂಡಗಳು ತಾವ ಕಾರು ಕಟ್ಟಿ ಓಡಸೋ ಬಾಹಾ ಸ್ಪರ್ಧೆ ಬಗ್ಗೆ ಮಾಸ್ತರಿಗೆ ಕೇಳು, ಮಣ್ಣಿನ್ಯಾಗ ಓಡೋ ಗಾಡಿ ಕಟ್ಟತಾರ ಅದರಾಗ.

ಪ್ರಶ್ನೆ: ಆ ರೇಸಿನ್ಯಾಗ ಹೆಣ್ಣು ಕಾರು ಒಂದ ಐತಿ. ಖರೇ ರೇಸಿನ್ಯಾಗ ಹೆಣ್ಣುಮಕ್ಕಳು ಅದಾರೇನ್ರಿ? ನನಗೂ ಓಡಸಬೇಕಂತ ಆಸೆ.
(ಕೊಪ್ಪಳ, ಎಂಟನೇ ತರಗತಿ ಹುಡುಗಿ)

ಉತ್ತರ: ಬ್ರೆಜಿಲ್ಲಿನ ಕಾರ್ಲಾ ವೆಲೋಸೋನ ಮಾತು ಹೇಳಾಕತ್ತಿ ತಂಗಿ. ಖರೇ ರೇಸಿನ್ಯಾಗ ಅದಾರವ್ವ, ಆದ್ರ ಇನ್ನೂ ಭಾಳ ಕಮ್ಮಿ. ಫ್ರಾನ್ಸಿನ ಮಿಷೆಲ್ ಮೂಟೋನ್ ಅನ್ನೋರು 1981ರಾಗ ಇಟಲಿಯ ಸಾನ್ ರೆಮೋ ರಾಲಿ ಗೆದ್ರು, ಮುಂದಿನ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನಾಗ ಗಂಡಸರ ನಡುವ ಎರಡನೇ ಸ್ಥಾನ. ಇಟಲಿಯ ಲೆಲ್ಲಾ ಲೊಂಬಾರ್ಡಿ 1975ರಾಗ ಫಾರ್ಮುಲಾ ಒನ್‌ನಾಗ ಅರ್ಧ ಪಾಯಿಂಟ್ ತಗೊಂಡ್ರು, ಪಾಯಿಂಟ್ ತಗೊಂಡ ಹೆಣ್ಣುಮಗಳು ಇವತ್ತಿಗೂ ಅವರೊಬ್ರ. ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಾಗ ಬೈಕಿನ ಬಾಹಾಸ್ ವರ್ಲ್ಡ್ ಕಪ್ ಮಹಿಳಾ ವಿಭಾಗ ಗೆದ್ದು ಬಂದ್ರು, ಉಸುಕು ಕಲ್ಲು ಮಣ್ಣಿನ ರೇಸ್ ಅದು. ಹದಿನೆಂಟು ತುಂಬಿ ಲೈಸೆನ್ಸ್ ಬರೋತನಕ ರೋಡಿನ್ಯಾಗ ಗಾಡಿ ಮುಟ್ಟಬ್ಯಾಡ, ಆದ್ರ ಗೋ ಕಾರ್ಟ್ ಟ್ರ್ಯಾಕಿನ್ಯಾಗ ನಿನ್ನ ವಯಸ್ಸಿಗೆ ಓಡಸಬಹುದು, ದೊಡ್ಡ ದೊಡ್ಡ ಡ್ರೈವರ್‌ಗಳೆಲ್ಲಾ ಶುರು ಮಾಡಿದ್ದು ಅಲ್ಲೇ. ರಜಾದಾಗ ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ಅಪ್ಪಾಜಿಗೆ ಹೇಳು, ಹೆಲ್ಮೆಟ್ ಅವರ ಕೊಡ್ತಾರ, ಕೂದಲಾ ಕಟ್ಟಿ ಒಳಗ ಹಾಕ್ಕೊ, ವೇಲ್ ಹಾಕ್ಕೊಂಡು ಕುಂದರಬ್ಯಾಡ.