ಬಾಗಿಲು ಹಾಕಬೇಡಿ, ಮಾಸ್ತರರೇ

ಶಿರಸಿ ಹತ್ತಿರದ ಹಳ್ಳಿಯಿಂದ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಅಡಿಕೆ ಬೆಳೆಗಾರರು ಸೇರಿ ಒಂದು ಜಾಲತಾಣ ಮಾಡಿಕೊಂಡಿದ್ದೇವೆ. ಯಾರಾದರೂ ಕೊಳೆ ರೋಗದ ಬಗ್ಗೆ ಕೇಳಿದರೆ ಅದರ ಕೆಳಗೆ ಸಾಲ, ಜೂಜು, ತೂಕ ಇಳಿಸುವ ಮಾತ್ರೆಯ ಜಾಹೀರಾತು! ದಿನಾ ಅಳಿಸಿ ಸಾಕಾಗಿದೆ. ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಬೇಕು ಅಂದುಕೊಂಡಿದ್ದೇವೆ.’

ಮಾಸ್ತರರೇ, ದಯವಿಟ್ಟು ನಿಲ್ಲಿಸಬೇಡಿ. ಮೊದಲ ಸಲ ತೋಟದ ಜವಾಬ್ದಾರಿ ಹೊತ್ತ ಹುಡುಗನಿಗೇ ನಿಮ್ಮ ತಾಣ ಜಾಸ್ತಿ ಬೇಕು. ಅವನೂ ಹೊಸಬನೇ ಅಲ್ವಾ?

ಆ ಮಾತ್ರೆಯನ್ನು ನೀವು ಕೊಳ್ಳುತ್ತೀರಿ ಅಂತ ಹಾಕಿದವರೂ ಹೆಚ್ಚಾಗಿ ಅಂದುಕೊಂಡಿರುವುದಿಲ್ಲ. ಅವರಿಗೆ ಬೇಕಾದದ್ದು ಲಿಂಕ್. ಬೇರೆ ತಾಣಗಳಿಂದ ಬರುವ ಲಿಂಕ್‌ಗಳನ್ನೂ ನೋಡಿ ಗೂಗಲ್ ಒಂದು ತಾಣವನ್ನು ಮೇಲೆ ತೋರಿಸುತ್ತದೆ. ಅದಕ್ಕೇ ಸಿಕ್ಕಸಿಕ್ಕಲ್ಲಿ ಅಂಟಿಸುತ್ತಾರೆ. ಇಂಥ ಲಿಂಕ್ ಲೆಕ್ಕಕ್ಕೆ ಬರಬಾರದು ಅಂತ 2005ರಲ್ಲಿ ‘ನೋಫಾಲೋ’ ಎಂಬ ಗುರುತು ಬಂತು. ಕಸ ನಿಲ್ಲಲಿಲ್ಲ. ಕಸವನ್ನು ತಾನಾಗಿ ಸುರಿಯುವ ಯಂತ್ರ, ಅಂದರೆ ಕಂಪ್ಯೂಟರ್ ಪ್ರೋಗ್ರಾಂ, ಗುರುತು ನೋಡುತ್ತಾ ಕೂರುವುದಿಲ್ಲ. ಹಾಗಾಗಿ ಹೊಸ ಖಾತೆಯಿಂದ ಮೊದಲ ನಾಲ್ಕೈದು ಬರಹಗಳಲ್ಲಿ ಲಿಂಕ್ ಹಾಕಲು ಬಿಡಲೇಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲೂ ಖಾತೆ ತೆರೆದು 4 ದಿನ ಕಳೆದು, 10 ತಿದ್ದುಪಡಿ ಮಾಡುವ ತನಕ ಕೆಲವು ಕೆಲಸಗಳಿಗೆ ಅವಕಾಶವಿಲ್ಲ.

ಬಂದವರು ಮನುಷ್ಯರೋ ಯಂತ್ರವೋ ಎಂದು ತಿಳಿಯಲು ಸಿಗ್ನಲ್ ದೀಪದ ಚಿತ್ರ ಆರಿಸಿ ಎನ್ನುವ ಪರೀಕ್ಷೆ ನನಗೆ ಇಷ್ಟವಿಲ್ಲ. ಕಣ್ಣು ಮಂಜಾದವರು ಅಲ್ಲೇ ಸೋತು ವಾಪಸ್ ಹೋಗುತ್ತಾರೆ. ಕೂಲಿಗೆ ಕೂತು ಅದನ್ನು ಬಿಡಿಸಿಕೊಡುವವರೂ ಇದ್ದಾರೆ. ಅದರ ಬದಲು ಸೇರುವಾಗ ನಿಮ್ಮದೇ ಒಂದು ಪ್ರಶ್ನೆ ಕೇಳಿ: ಕೊಳೆ ರೋಗ ಬಾರದಂತೆ ಮಳೆಗೆ ಮುಂಚೆ ಏನು ಹೊಡೆಯುತ್ತೀರಿ? ಬೋರ್ಡೋ ದ್ರಾವಣ ಅಂದರೂ ಸರಿ, ಅದರಲ್ಲಿರುವ ಮೈಲುತುತ್ತ ಸುಣ್ಣ ಅಂದರೂ ಸರಿ. ಸಾವಿರ ತಾಣ ಸುತ್ತುವ ಯಂತ್ರ ನಿಮ್ಮೊಬ್ಬರ ಪ್ರಶ್ನೆಗೆ ಉತ್ತರ ಹುಡುಕುವ ಗೋಜಿಗೆ ಹೋಗುವುದು ಕಡಿಮೆ.

ಕನ್ನಡ ಅಕ್ಷರವೇ ಇಲ್ಲದ ಬರಹವನ್ನು ತಾನಾಗಿ ಅಳಿಸುವಂತೆ ಮಾಡಲೇ ಎಂದೂ ಕೇಳಿದ್ದೀರಿ. ಬೇಡ. ನಮ್ಮವರೇ ಎಷ್ಟೋ ಜನ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ. ಅದನ್ನು ಪಕ್ಕಕ್ಕೆ ತೆಗೆದಿಡಿ, ಒಬ್ಬರು ಓದಿ ಬಿಡಲಿ. ಈಗ ಕಸವೂ ಯಂತ್ರ ಅನುವಾದದ ಕನ್ನಡದಲ್ಲೇ ಬರುತ್ತದೆ, ಹಾಗಾಗಿ ಅಕ್ಷರ ನೋಡಿ ನಂಬುವಂತೆಯೂ ಇಲ್ಲ.

ಸದಸ್ಯರ ಫೋಟೊ ಹಾಕಿಕೊಂಡು ‘ಅರ್ಜೆಂಟ್ ದುಡ್ಡು ಬೇಕು’ ಎನ್ನುವ ನಕಲಿ ಖಾತೆ ಕಂಡರೆ ಮಾತ್ರ ಸುಮ್ನೆ ಅಳಿಸಿ ಬಿಡಬೇಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಎಲ್ಲರಿಗೂ ತಿಳಿಸಿ. ಯಾರಾದರೂ ಹಣ ಕಳಿಸಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಇಷ್ಟಾದರೂ ದಿನಕ್ಕೊಮ್ಮೆ ಕಣ್ಣಾಡಿಸುವ ಮನುಷ್ಯರು ಬೇಕು. ಅದನ್ನು ನೀವೊಬ್ಬರೇ ಹೊತ್ತಿದ್ದೀರಿ ಅಂತ ಪತ್ರ ಓದಿದಾಗಲೇ ಅನಿಸಿತು, ಬೇಜಾರೂ ಆಯಿತು. ಊರು ಬಿಟ್ಟು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ನಿಮ್ಮ ಹಳೆಯ ವಿದ್ಯಾರ್ಥಿಗಳು ಇರಬೇಕಲ್ಲ? ವಾರಕ್ಕೊಬ್ಬರಂತೆ ಪಾಳಿ ಮಾಡಿದರೆ ಯಾರಿಗೂ ಭಾರವಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿ ನೋಡಿ.