ಟೆಂಪ್ಲೇಟ್ ಫಂಕ್ಷನ್ ಬರೆದಿದ್ದರೂ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಅನ್ನೋದು ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿ ಪ್ಲಸ್ ಪ್ಲಸ್‌ನಲ್ಲಿ ಸ್ಟಾಕ್ ಅನ್ನೋ ಟೆಂಪ್ಲೇಟ್ ಕ್ಲಾಸ್ ಬರೆದಿದ್ದೀರಿ. ಡಿಕ್ಲರೇಶನ್ ಸ್ಟಾಕ್.ಎಚ್‌ನಲ್ಲಿದೆ, ಪುಶ್ ಮತ್ತು ಪಾಪ್ ಫಂಕ್ಷನ್‌ಗಳ ಬಾಡಿ ಸ್ಟಾಕ್.ಸಿಪಿಪಿಯಲ್ಲಿದೆ. ಮೇನ್.ಸಿಪಿಪಿಯಲ್ಲಿ ಸ್ಟಾಕ್<ಇಂಟ್> ಬಳಸಿದ್ದೀರಿ. ಎರಡೂ ಫೈಲ್ ಚೆನ್ನಾಗೇ ಕಂಪೈಲ್ ಆಗುತ್ತವೆ, ಆ ತುಂಡುಗಳನ್ನು ಲಿಂಕರ್ ಒಂದು ಪ್ರೋಗ್ರಾಮ್ ಆಗಿ ಜೋಡಿಸುವಾಗ ಮಾತ್ರ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬರುತ್ತದೆ. ಮೇಕ್‌ಫೈಲ್ (ಪ್ರೋಗ್ರಾಮನ್ನು ಹೇಗೆ ಕಟ್ಟಬೇಕು ಅಂತ ಬರೆದಿಡುವ ಫೈಲ್) ಎಷ್ಟು ತಿದ್ದಿದರೂ ಹೋಗುತ್ತಿಲ್ಲ.

ಮೇಕ್‌ಫೈಲ್ ಬಿಟ್ಟುಬಿಡಿ, ಪಾಪ, ಅದರ ತಪ್ಪೇನೂ ಇಲ್ಲ. ಲಿಂಕರ್ ಹೇಳುತ್ತಿರುವುದೂ ನಿಜ. ಅದು ಹುಡುಕುತ್ತಿರುವ ಫಂಕ್ಷನ್ ಎಲ್ಲೂ ಹುಟ್ಟೇ ಇಲ್ಲ.

ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಿ. ಲಿನಕ್ಸ್‌ನಲ್ಲಿ ‘ಎನ್‌ಎಂ’ ಅನ್ನೋ ಕಮಾಂಡ್ ಇದೆ, ಕಂಪೈಲ್ ಆದ ಫೈಲಿನಲ್ಲಿ ಯಾವ್ಯಾವ ಹೆಸರುಗಳಿವೆ ಅಂತ ತೋರಿಸುತ್ತದೆ. ದೊಡ್ಡಕ್ಷರದ ಸಿ ಆಪ್ಷನ್ ಕೊಟ್ಟು ಮೇನ್.ಓ (ಮೇನ್.ಸಿಪಿಪಿ ಕಂಪೈಲ್ ಆಗಿ ಬಂದ ಫೈಲ್) ಮೇಲೆ ಓಡಿಸಿ. ಸ್ಟಾಕ್<ಇಂಟ್>::ಪುಶ್(ಇಂಟ್) ಅನ್ನೋ ಸಾಲು ಸಿಗುತ್ತದೆ, ಅದರ ಎಡಕ್ಕೆ ‘ಯು’ ಅಂತ ಒಂದೇ ಅಕ್ಷರ. ‘ನನಗೆ ಇದು ಬೇಕು, ಆದರೆ ನನ್ನ ಹತ್ತಿರ ಇಲ್ಲ’ ಅಂತ ಅದರ ಅರ್ಥ. ಈಗ ಸ್ಟಾಕ್.ಓ ಮೇಲೆ ಓಡಿಸಿ. ಪುಶ್ ಅನ್ನೋ ಹೆಸರೇ ಕಾಣುವುದಿಲ್ಲ. ನೀವು ಅಷ್ಟೆಲ್ಲಾ ಬರೆದ ಫೈಲು ಹೆಚ್ಚುಕಡಿಮೆ ಖಾಲಿ!

ಟೆಂಪ್ಲೇಟ್ ಅನ್ನೋದು ಚಕ್ಕುಲಿ ಅಚ್ಚಿದ್ದ ಹಾಗೆ. ಅಚ್ಚಿದೆ ಅಂದ ಮಾತ್ರಕ್ಕೆ ಚಕ್ಕುಲಿ ಆಗುವುದಿಲ್ಲ, ಹಿಟ್ಟು ಬೇಕು. ಕಂಪೈಲರ್ ಒಂದು ಸಲಕ್ಕೆ ಒಂದೇ ಸಿಪಿಪಿ ಫೈಲ್ ನೋಡುತ್ತದೆ. ಸ್ಟಾಕ್.ಸಿಪಿಪಿ ನೋಡುವಾಗ ಅಚ್ಚು ಇದೆ, ಆದರೆ ಇಂಟ್‌ಗೆ ಬೇಕು ಅಂತ ಯಾರೂ ಕೇಳಿಲ್ಲ. ಮೇನ್.ಸಿಪಿಪಿ ನೋಡುವಾಗ ಇಂಟ್‌ಗೆ ಬೇಕು ಅಂತ ಗೊತ್ತು, ಆದರೆ ಅಚ್ಚು ಪಕ್ಕದ ಮನೆಯಲ್ಲಿದೆ. ಬೇರೆ ಯಾರೋ ಮಾಡಿರಬಹುದು ಅಂದುಕೊಂಡು ಇಬ್ಬರೂ ಸುಮ್ನೆ ಇರುತ್ತಾರೆ.

ನಾನು ಇದರಲ್ಲಿ ಇನ್ನೂ ವಿಚಿತ್ರವಾಗಿ ಸಿಕ್ಕಿಬಿದ್ದಿದ್ದೆ. ನನ್ನ ಕೋಡ್ ಇದೇ ರೀತಿ ಎರಡು ಫೈಲಿನಲ್ಲಿತ್ತು, ಆದರೂ ತಿಂಗಳುಗಟ್ಟಲೆ ಲಿಂಕ್ ಆಗುತ್ತಿತ್ತು. ಒಂದು ಸಂಜೆ ಆಪ್ಟಿಮೈಸೇಶನ್ (ಕೋಡನ್ನು ಚುರುಕು ಮಾಡುವ ಕಂಪೈಲರ್ ಆಪ್ಷನ್) ‘ಓ2’ಗೆ ಏರಿಸಿದೆ, ಅದೇ ಎರರ್ ಬಂತು. ಆಪ್ಟಿಮೈಸೇಶನ್ ತೆಗೆದರೆ ಸರಿಹೋಗುತ್ತದೆ, ಹಾಕಿದರೆ ಮತ್ತೆ ಕೆಡುತ್ತದೆ. ನಾನು ಬಳಸುತ್ತಿದ್ದ ಜಿಸಿಸಿ ಕಂಪೈಲರ್‌ನಲ್ಲೇ ಬಗ್ ಇದೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ! ಆಮೇಲೆ ನೋಡಿದರೆ, ಸಿಪಿಪಿ ಫೈಲಿನ ಕೊನೆಯಲ್ಲಿ ನಾನೇ ಯಾವತ್ತೋ ಬರೆದ ಟೆಸ್ಟ್ ಫಂಕ್ಷನ್ ಒಂದಿತ್ತು. ಅದು ಇಂಟ್ ಇಟ್ಟುಕೊಂಡು ಪುಶ್ ಕರೆಯುತ್ತಿತ್ತು. ಆ ಕಾರಣಕ್ಕೆ ಪುಶ್‌ನ ಇಂಟ್ ಪ್ರತಿ ಆ ಫೈಲಿನಲ್ಲೇ ತಯಾರಾಗುತ್ತಿತ್ತು, ಮೇನ್ ಅದನ್ನೇ ಎರವಲು ಪಡೆಯುತ್ತಿತ್ತು. ಓ2 ಹಾಕಿದಾಗ ಕಂಪೈಲರ್ ಆ ಕರೆಯನ್ನು ಇನ್‌ಲೈನ್ ಮಾಡಿ (ಕರೆಯ ಜಾಗದಲ್ಲೇ ಬಾಡಿಯನ್ನು ತುಂಬಿ), ಇನ್ನು ಬೇಡ ಅಂತ ಪ್ರತಿಯನ್ನೇ ಎಸೆಯಿತು. ಹಾಗಾಗಿ ‘ಡಿಬಗ್‌ನಲ್ಲಿ ಓಡುತ್ತೆ, ರಿಲೀಸ್‌ನಲ್ಲಿ ಓಡಲ್ಲ’ ಅಂತ ಯಾರಾದರೂ ಅಂದರೆ ನಾನು ಮೊದಲು ಟೆಂಪ್ಲೇಟ್ ಎಲ್ಲಿದೆ ಅಂತಲೇ ಕೇಳುತ್ತೇನೆ.

ಪರಿಹಾರ ಸುಲಭ. ಬಾಡಿಗಳನ್ನೆಲ್ಲಾ ಹೆಡರ್‌ಗೇ ತಂದುಬಿಡಿ. ಮೂರು ಫೈಲಿನಲ್ಲಿ ಇನ್‌ಕ್ಲೂಡ್ ಮಾಡಿದರೆ ಮೂರು ಪ್ರತಿ ಆಗಿ ಜಗಳ ಬರುತ್ತದಾ ಅನ್ನೋ ಭಯ ಬೇಡ. ಟೆಂಪ್ಲೇಟಿನಿಂದ ಹುಟ್ಟಿದ ಪ್ರತಿಗಳನ್ನು ವೀಕ್ ಸಿಂಬಲ್ ಅಂತ ಗುರುತು ಹಾಕುತ್ತಾರೆ (ಎನ್‌ಎಂನಲ್ಲಿ ‘ಡಬ್ಲ್ಯೂ’), ಲಿಂಕರ್ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಹೆಡರ್ ತುಂಬಾ ಉದ್ದವಾಯಿತು ಅನ್ನಿಸಿದರೆ ಬಾಡಿಗಳನ್ನು ಟಿಪಿಪಿ ಅನ್ನೋ ಎಕ್ಸ್‌ಟೆನ್ಷನ್ ಇರುವ ಫೈಲಿನಲ್ಲಿಟ್ಟು ಹೆಡರ್‌ನ ಕೊನೆಯಲ್ಲಿ ಇನ್‌ಕ್ಲೂಡ್ ಮಾಡಿ. ಸಿಪಿಪಿ ಫೈಲನ್ನೇ ಇನ್‌ಕ್ಲೂಡ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ, ಕೇಳಬೇಡಿ. ಅದರಲ್ಲಿ ಒಂದೇ ಒಂದು ಮಾಮೂಲಿ ಫಂಕ್ಷನ್ ಸೇರಿಕೊಂಡರೂ ‘ಮಲ್ಟಿಪಲ್ ಡೆಫಿನಿಶನ್’ ಶುರುವಾಗುತ್ತದೆ.

ಇಂಟ್ ಮತ್ತು ಡಬಲ್ ಎರಡೇ ಸಾಕು ಅನ್ನೋದಾದರೆ ಸಿಪಿಪಿಯನ್ನು ಹಾಗೇ ಬಿಡಬಹುದು. ಅದರ ಕೊನೆಯಲ್ಲಿ, ಎಲ್ಲಾ ಬಾಡಿಗಳ ಕೆಳಗೆ, ‘ಟೆಂಪ್ಲೇಟ್ ಕ್ಲಾಸ್ ಸ್ಟಾಕ್<ಇಂಟ್>;’ ಅಂತ ಒಂದು ಸಾಲು ಸೇರಿಸಿ. ಡಬಲ್‌ಗೂ ಹಾಗೇ ಇನ್ನೊಂದು. ಆಮೇಲೆ ಯಾರಾದರೂ ಸ್ಟ್ರಿಂಗ್ ಬಳಸಿದರೆ ಮತ್ತೆ ಇದೇ ಎರರ್, ಅದು ನೆನಪಿರಲಿ. 1998ರ ಸ್ಟ್ಯಾಂಡರ್ಡ್‌ನಲ್ಲಿ ‘ಎಕ್ಸ್‌ಪೋರ್ಟ್’ ಅಂತ ಒಂದು ಕೀವರ್ಡ್ ಇತ್ತು, ನಿಮ್ಮಂತೆ ಎರಡು ಫೈಲಿನಲ್ಲಿ ಬರೆಯಲಿಕ್ಕೆಂದೇ. ಹೆಚ್ಚಿನ ಕಂಪೈಲರ್‌ಗಳು ಅದರ ತಂಟೆಗೇ ಹೋಗಲಿಲ್ಲ. 2011ರ ಸ್ಟ್ಯಾಂಡರ್ಡ್‌ನಲ್ಲಿ ಆ ಸೌಲಭ್ಯವನ್ನು ತೆಗೆದೇಬಿಟ್ಟರು.

ಹೆಡರ್‌ಗೆ ತಂದ ಮೇಲೂ ಎರರ್ ಇದ್ದರೆ ಫ್ರೆಂಡ್ ಫಂಕ್ಷನ್ (ಕ್ಲಾಸಿನ ಪ್ರೈವೇಟ್ ಭಾಗವನ್ನು ಮುಟ್ಟಲು ಅನುಮತಿ ಪಡೆದ ಹೊರಗಿನ ಫಂಕ್ಷನ್) ನೋಡಿ. ಕ್ಲಾಸಿನ ಒಳಗೆ ಪ್ರಿಂಟ್ ಮಾಡುವ ಆಪರೇಟರನ್ನು ಫ್ರೆಂಡ್ ಅಂತ ಸುಮ್ನೆ ಡಿಕ್ಲೇರ್ ಮಾಡಿದರೆ ಅದು ಟೆಂಪ್ಲೇಟ್ ಅಲ್ಲದ ಬೇರೆಯೇ ಫಂಕ್ಷನ್ ಆಗುತ್ತದೆ. ಹೊರಗೆ ನೀವು ಬರೆದ ಟೆಂಪ್ಲೇಟಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಬಾಡಿಯನ್ನು ಕ್ಲಾಸಿನ ಒಳಗೇ ಬರೆದರೆ ಮುಗಿಯಿತು.

ಅದಕ್ಕೂ ಜಗ್ಗದಿದ್ದರೆ ಎನ್‌ಎಂ ಕೊಟ್ಟ ಸಾಲುಗಳನ್ನು ಇಲ್ಲಿ ಹಾಕಿ, ನೋಡೋಣ.