ಚಳಿಗಾಲದಲ್ಲಿ ರಸ್ತೆ ಉಪ್ಪಿಗೆ ಹೊಡೆಯುವ ಸ್ಪ್ರೇ ಬೆಂಗಳೂರಿನ ಬೈಕಿಗೂ ಬೇಕಾ?

ನೀವು ದಿನಾ ಕೆಂಗೇರಿಯಿಂದ ಮಾರತ್ತಹಳ್ಳಿಗೆ ಬೈಕಿನಲ್ಲಿ ಹೋಗಿಬರುತ್ತೀರಿ. ಇಂಗ್ಲೆಂಡಿನ ಸವಾರರು ಚಳಿಗಾಲಕ್ಕೆ ಮುಂಚೆ ಬೈಕಿಗೆಲ್ಲ ತುಕ್ಕು ತಡೆಯುವ ಸ್ಪ್ರೇ ಹೊಡೆಯುವ ವಿಡಿಯೋ ನೋಡಿದ್ದೀರಿ. ಅದನ್ನು ತರಿಸಿಕೊಳ್ಳಬೇಕಾ ಅಂತ ಕೇಳಿದ್ದೀರಿ.

ಊರೊಳಗೆ ಮಾತ್ರ ಓಡಾಡುವುದಾದರೆ ಬೇಡ. ಆ ದುಡ್ಡಿಗೆ ಒಂದು ಮಡ್ ಫ್ಲ್ಯಾಪ್ (ಮಡ್‌ಗಾರ್ಡ್ ತುದಿಗೆ ಹಾಕುವ ಕೆಸರು ತಡೆಯುವ ಪಟ್ಟಿ), ಒಂದು ಒಳ್ಳೆಯ ಚೈನ್ ಲ್ಯೂಬ್ ತೆಗೆದುಕೊಳ್ಳಿ.

ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಮಂಜುಗಡ್ಡೆ ಕಟ್ಟದಿರಲಿ ಅಂತ ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಗಡ್ಡೆ ಕಟ್ಟುವುದಿಲ್ಲ, ಇನ್ನೂ ಚಳಿ ಬೇಕು. ಆದರೆ ಅದೇ ನೀರನ್ನು ಟೈರು ಎತ್ತಿ ಬೈಕಿನ ಮೈಗೆಲ್ಲ ಎರಚುತ್ತದೆ. ತುಕ್ಕು ಹಿಡಿಯುವುದು ಅಂದರೆ ಸಣ್ಣ ಮಟ್ಟದ ವಿದ್ಯುತ್ ಕೆಲಸ. ಉಪ್ಪುನೀರಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ತುಕ್ಕೂ ಬೇಗ. ಜೊತೆಗೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಟ್ಟುಕೊಳ್ಳುತ್ತದಲ್ಲ, ಬೈಕಿನ ಮೇಲೆ ಕೂತ ಉಪ್ಪೂ ಹಾಗೇ ಕಬ್ಬಿಣವನ್ನು ಒಣಗಲು ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ನಮ್ಮ ರಸ್ತೆಗೆ ಉಪ್ಪು ಹಾಕುವ ಪ್ರಮೇಯವೇ ಇಲ್ಲ.

ನಮ್ಮ ಬೈಕನ್ನು ತಿನ್ನುವುದು ಕೆಸರು. ಮೆಟ್ರೋ ಕಾಮಗಾರಿಯ ಮಣ್ಣು, ಸಿಮೆಂಟ್ ಧೂಳು, ಉಕ್ಕಿದ ಮೋರಿಯ ನೀರು ಎಲ್ಲ ಸೇರಿದ ಕೆಸರು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಜಾಸ್ತಿ. ಆಗ ಮೆತ್ತಿಕೊಂಡದ್ದು ಸಂದಿಗಳಲ್ಲಿ ಹಾಗೇ ಉಳಿದರೆ, ಡಿಸೆಂಬರಿನ ಇಬ್ಬನಿ ಅದನ್ನು ದಿನಾ ಬೆಳಿಗ್ಗೆ ಮತ್ತೆ ನೆನೆಸುತ್ತದೆ. ಹೊರಗೆ ಕಾಣುವ ಟ್ಯಾಂಕ್ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಮುಂದಿನ ಮಡ್‌ಗಾರ್ಡ್ ಒಳಗೆ, ಎಂಜಿನ್ ಕೆಳಗೆ ಸೈಲೆನ್ಸರ್ ಬಗ್ಗುವ ಜಾಗದಲ್ಲಿ, ಸೆಂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ಹತ್ತಿರ ಇರುವ ಮಣ್ಣು ಎರಡು ದಿನವಾದರೂ ಒದ್ದೆಯಾಗೇ ಇರುತ್ತದೆ. ಒಮ್ಮೆ ಅಲ್ಲಿ ಬೆರಳು ಹಾಕಿ ನೋಡಿ, ಗೊತ್ತಾಗುತ್ತದೆ.

ಅದಕ್ಕೇ ಮೊದಲು ಮಡ್ ಫ್ಲ್ಯಾಪ್ ಅಂದೆ. ಈಗಿನ ಬೈಕುಗಳ ಮಡ್‌ಗಾರ್ಡ್ ತುಂಬ ಗಿಡ್ಡ. ಮುಂದಿನ ಚಕ್ರ ಎರಚಿದ್ದೆಲ್ಲ ನೇರ ಎಂಜಿನ್ ಮೇಲೆ, ಹಿಂದಿನದು ಮೋನೋಶಾಕ್ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ಮೇಲೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಿಮ್ಮ ಮಾಡೆಲ್ ಹೇಳಿ ಕೇಳಿ. ಹಿಂದಿನ ಚಕ್ರಕ್ಕೆ ಟೈರ್ ಹಗ್ಗರ್, ಅಂದರೆ ಟೈರಿಗೆ ಅಂಟಿದಂತೆ ಕೂರುವ ಸಣ್ಣ ಮಡ್‌ಗಾರ್ಡ್, ಸಿಕ್ಕರೆ ಅದನ್ನೂ ಹಾಕಿಸಿ.

ತೊಳೆಯಲು ಪ್ರತಿ ವಾರ ವಾಟರ್ ಸರ್ವಿಸ್‌ಗೆ ಹೋಗಬೇಕಿಲ್ಲ. ಆ ಜೋರಿನ ನೀರು ಹತ್ತಿರದಿಂದ ಬಿದ್ದರೆ ಚಕ್ರದ ಬೇರಿಂಗ್, ಹ್ಯಾಂಡಲ್ ತಿರುಗಲು ಇರುವ ಬೇರಿಂಗ್ (ಕೋನ್ ಸೆಟ್) ಒಳಗೆ ನುಗ್ಗಿ ಗ್ರೀಸ್ ಹೋಗುತ್ತದೆ. ಮನೆಯಲ್ಲೇ ಎರಡು ಬಕೆಟ್ ನೀರು, ಸ್ವಲ್ಪ ಶಾಂಪೂ, ಹಳೆಯ ಪೇಂಟ್ ಬ್ರಷ್ ಸಾಕು. ಮೇಲೆ ಹೊಳೆಯಿಸುವುದಕ್ಕಿಂತ ಕೆಳಗಿನ ಸಂದಿಗೆ ಸಮಯ ಕೊಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಆಗ ನಮ್ಮ ಬೀದಿಯಲ್ಲಿ ಎಲ್ಲರೂ ಆರ್‌ಓ ಫಿಲ್ಟರ್ ಹೊರಗೆ ಬಿಡುವ ನೀರು ಹಿಡಿದಿಟ್ಟು ಬೈಕ್ ತೊಳೆಯತೊಡಗಿದರು. ನೀರು ಉಳಿಸುವುದು ಒಳ್ಳೆಯದೇ. ಆದರೆ ಬೋರ್‌ವೆಲ್ ನೀರಿನ ಲವಣದ ಬಹುಪಾಲು ಫಿಲ್ಟರ್ ಹೊರಗೆ ಬಿಡುವ ಆ ನೀರಿನಲ್ಲೇ ಸೇರಿರುತ್ತದೆ. ರಸ್ತೆಯಲ್ಲಿಲ್ಲದ ಉಪ್ಪನ್ನು ನಾವೇ ಬಕೆಟ್‌ನಲ್ಲಿ ತಂದು ಸುರಿದ ಹಾಗಾಗುತ್ತದೆ. ಕೆಸರು ಬಿಡಿಸಲು ಅದನ್ನು ಬಳಸಿ, ಕೊನೆಗೆ ಒಂದು ಬಕೆಟ್ ಮಳೆನೀರು ಹಾಕಿ ಒರೆಸಿ. ತಾರಸಿಯಿಂದ ಬೀಳುವ ನೀರಿಗೆ ಒಂದು ಡ್ರಮ್ ಇಟ್ಟರೆ ಸಾಕು, ನಾನು ಹಾಗೇ ಮಾಡುತ್ತೇನೆ.

ಇನ್ನು ಚೈನ್. ಅದರ ಕಡೆ ನನ್ನ ಗಮನ ಜಾಸ್ತಿ. ಮಳೆ ನೀರು ಲ್ಯೂಬ್ ಅನ್ನು ತೊಳೆದುಬಿಡುತ್ತದೆ, ಉಳಿದ ಮರಳು ಉಜ್ಜುವ ಕಾಗದದ ಹಾಗೆ ಚೈನನ್ನೂ ಸ್ಪ್ರಾಕೆಟ್ಟನ್ನೂ (ಚೈನ್ ಕೂರುವ ಹಲ್ಲಿನ ಚಕ್ರ) ತಿನ್ನುತ್ತದೆ. ಒಣ ದಿನಗಳಲ್ಲಿ 500 ಕಿ.ಮೀ.ಗೆ ಒಮ್ಮೆ ಲ್ಯೂಬ್ ಮಾಡುತ್ತೇನೆ. ಮಳೆಗಾಲದಲ್ಲಿ ಕಿ.ಮೀ. ಲೆಕ್ಕ ಇಡುವುದಿಲ್ಲ, ಚೆನ್ನಾಗಿ ನೆನೆದ ದಿನ ಸಂಜೆಯೇ ಮಾಡುತ್ತೇನೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಚೈನಿನ ಒಳಮೈಗೆ ತೆಳ್ಳಗೆ ಹಚ್ಚಿ. ಪೆಟ್ರೋಲ್ ಬೇಡ, ಓ-ರಿಂಗ್ ಚೈನಾದರೆ (ಕೊಂಡಿಗಳ ನಡುವೆ ರಬ್ಬರ್ ಬಳೆ ಇರುವ ಚೈನ್) ಅದರ ರಬ್ಬರ್ ಹಾಳಾಗುತ್ತದೆ. ತಂತಿ ಬ್ರಷ್ ಕೂಡ ಬೇಡ. ರಾತ್ರಿಯೆಲ್ಲ ಬಿಟ್ಟರೆ ಲ್ಯೂಬ್ ಒಳಗಿಳಿದು ಕೂರುತ್ತದೆ. ಬೆಳಿಗ್ಗೆ ಹಚ್ಚಿ ಹೊರಟರೆ ಅರ್ಧ ರಿಮ್ಮಿಗೆ ಹಾರುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಆನ್ ಮಾಡಿ, ಗೇರ್ ಹಾಕಿ ಚೈನ್ ಒರೆಸುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ.

ಮಳೆಯಾದ ಮರುದಿನ ಡಿಸ್ಕ್ ಮೇಲೆ ಕಂದು ಬಣ್ಣ ಕಂಡರೆ ಗಾಬರಿಯಾಗಬೇಡಿ, ನಾಲ್ಕೈದು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಸ್ಪ್ರೇ ನಿಜಕ್ಕೂ ಬೇಕಾಗುವುದು ಕರಾವಳಿಗೆ ಹೋಗುವಾಗ. ಇದನ್ನು ನಾನು ಕಳೆದುಕೊಂಡು ಕಲಿತೆ. ಒಂದು ಡಿಸೆಂಬರಿನಲ್ಲಿ ಮರವಂತೆಗೆ ಹೋಗಿದ್ದೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಎರಡು ರಾತ್ರಿ ಬೈಕ್ ಕಡಲ ಗಾಳಿಗೆ ನಿಂತಿತ್ತು. ವಾಪಸ್ ಬಂದವನು ಸುಸ್ತಾಗಿ, ತೊಳೆಯದೆ ಪ್ಲಾಸ್ಟಿಕ್ ಕವರ್ ಹೊದಿಸಿಬಿಟ್ಟೆ. ಹತ್ತು ದಿನ ಬಿಟ್ಟು ತೆಗೆದರೆ ಸೈಲೆನ್ಸರಿನ ಬೋಲ್ಟುಗಳು, ಹಿಂದಿನ ಚಕ್ರದ ಕಡ್ಡಿಗಳು, ಸ್ಟ್ಯಾಂಡಿನ ಸ್ಪ್ರಿಂಗ್ ಎಲ್ಲ ಕೆಂಪಗಾಗಿದ್ದವು. ಒಂದು ಬೋಲ್ಟ್ ಬಿಚ್ಚುವಾಗ ತುಂಡಾಯಿತು. ಅಪ್ಪ ಕೊಡಿಸಿದ ಬೈಕ್ ಅದು, ತುಂಬ ಬೇಜಾರಾಯಿತು. ಉಪ್ಪಿನಷ್ಟೇ ಕವರೂ ಕಾರಣ: ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಈಗ ಪೂರ್ತಿ ಒಣಗದೆ ಕವರ್ ಹಾಕುವುದಿಲ್ಲ.

ಹಾಗಾಗಿ ಮಲ್ಪೆ, ಗೋಕರ್ಣದ ಕಡೆ ಹೊರಡುವ ಹಿಂದಿನ ದಿನ ಬೈಕ್ ತೊಳೆದು ಒಣಗಿಸಿ, ಬೋಲ್ಟು, ಕಡ್ಡಿ, ಸ್ಪ್ರಿಂಗ್, ಫ್ರೇಮಿನ ಕೆಳಭಾಗಕ್ಕೆ ತುಕ್ಕು ತಡೆಯುವ ಸ್ಪ್ರೇ ತೆಳ್ಳಗೆ ಹೊಡೆಯಿರಿ. ನೇರವಾಗಿ ಹೊಡೆಯುವುದಕ್ಕಿಂತ ಬಟ್ಟೆಗೆ ಹೊಡೆದು ಒರೆಸಿದರೆ ಇನ್ನೂ ಒಳ್ಳೆಯದು. ಡಿಸ್ಕ್, ಬ್ರೇಕ್ ಪ್ಯಾಡ್, ಟೈರಿಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಊರಿಗೆ ಬಂದ ದಿನವೇ, ಎಂಜಿನ್ ಆರಿದ ಮೇಲೆ, ತಣ್ಣೀರಲ್ಲಿ ಕೆಳಗಿನಿಂದ ಮೇಲಿನವರೆಗೆ ತೊಳೆಯಿರಿ. ಎಷ್ಟೇ ಸುಸ್ತಾಗಿದ್ದರೂ ಮರುದಿನಕ್ಕೆ ಬಿಡಬೇಡಿ.